ಬೀಗರ ಕೆಂಪು ಚುಕ್ಕಿ, ನನ್ನ ಮೂರು ಅಂಕಣ

ನನ್ನ ಮೊಮ್ಮಗಳು ಹುಟ್ಟಿ ಹದಿನೈದು ದಿನವಾಗಿತ್ತು. ಅವಳು ಹೊಳಲ್ಕೆರೆಯಲ್ಲಿದ್ದಳು, ನಾನು ಹೊಸದುರ್ಗದಲ್ಲಿದ್ದೆ. ಚೊಚ್ಚಲ ಹೆರಿಗೆ, ಬಾಣಂತನ ಎಲ್ಲ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿ ಪದ್ಧತಿ. ಅದಕ್ಕೆ ನಾನೂ ತಲೆಯಾಡಿಸಿದವನೇ. ಆದರೆ ಐದು ತಿಂಗಳು ಅಂದರೆ ಎಷ್ಟು ದಿನ ಎಂದು ತಲೆಯಾಡಿಸುವಾಗ ಯೋಚಿಸಿರಲಿಲ್ಲ. ದಿನಾ ಬೆಳಿಗ್ಗೆ ಬೀಗರು, ಅಂದರೆ ಸೊಸೆಯ ಅಪ್ಪ, ಮೊಬೈಲಿಗೆ ಫೋಟೋ ಕಳಿಸುತ್ತಿದ್ದರು. ಪ್ರತಿ ಫೋಟೋದಲ್ಲೂ ಕೂಸು ಇರುತ್ತಿತ್ತು, ಕೂಸಿನ ಪಕ್ಕದಲ್ಲಿ ಬೀಗರ ಮೀಸೆಯೂ ಇರುತ್ತಿತ್ತು. ನಾನು ಎರಡು ಬೆರಳಲ್ಲಿ ಹಿಗ್ಗಿಸಿ, ಮೀಸೆಯನ್ನು ಪರದೆಯಾಚೆ ತಳ್ಳಿ, ಕೂಸನ್ನಷ್ಟೇ ನೋಡುತ್ತಿದ್ದೆ. ಅವಳ ಹಣೆ ನನ್ನದೇ. ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ ನಗುತ್ತಾಳೆ. ನಕ್ಕರೆ ನಗಲಿ, ಹಣೆ ನನ್ನದೇ.

ನಾನು ಗಾರೆ ಮೇಸ್ತ್ರಿ. ಮೂರನೇ ಕ್ಲಾಸಿಗೆ ಬಿಟ್ಟವನು. ಇದನ್ನು ನಾನೇ ಬರೆದಿದ್ದೇನೆ, ಒತ್ತಕ್ಷರ ಸೊಸೆ ತಿದ್ದಿದ್ದಾಳೆ. ಬೀಗರು ಓದಿದವರು. ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಂಡು ನಿವೃತ್ತರಾದವರು. ಈಗಲೂ ಜೇಬಿನಲ್ಲಿ ಎರಡು ಪೆನ್ನು, ಒಂದು ಪೆನ್ಸಿಲ್ಲು.

ಆ ಸಲ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಿತ್ತು. ಜನ ಟೆಂಪೋ ಮಾಡಿಕೊಂಡು ನೋಡಲು ಹೋದರು. ಅದೇ ಮಳೆಯಲ್ಲಿ ಹಿರಿಯೂರಿನ ಅಂಚಿನ ಒಂದು ಹಿಟ್ಟಿನ ಗಿರಣಿಯ ಹಿಂದಿನ ಗೋಡೆ ಬಿತ್ತು. ಅದನ್ನು ನೋಡಲು ಯಾರೂ ಹೋಗಲಿಲ್ಲ.

ಗಿರಣಿಯ ಯಜಮಾನಿ ನನಗೆ ಸಿಕ್ಕಿದ್ದು ಹಾಲುರಾಮೇಶ್ವರದ ಗುಡಿಯ ಬಳಿ. ನಾನು ಅಲ್ಲಿ ಒಂದು ಹಳೇ ಛತ್ರದ ಕಲ್ಲಿನ ಗೋಡೆಗೆ ಸಂದು ತುಂಬುತ್ತಿದ್ದೆ. ಆಯಮ್ಮ ಪೂಜೆ ಮುಗಿಸಿ ಬಂದವರು ಬುಟ್ಟಿ ಹಿಡಿದುಕೊಂಡು ಬಹಳ ಹೊತ್ತು ನಿಂತು ನೋಡಿದರು.

"ಮೇಸ್ತ್ರಿ, ಕಲ್ಲು ಮಣ್ಣಿನ ಗೋಡೆ ನಿಮಗೆ ಗೊತ್ತೈತಾ?"

"ಅದು ಗೊತ್ತಿರೋರು ಉಳಿದಿರೋದೇ ಕಮ್ಮಿ ಕಣಮ್ಮ. ಎಲ್ಲಿ ಕಟ್ಟಬೇಕು?"

"ಕಟ್ಟೋದಲ್ಲ. ಬಿದ್ದೋಗೈತೆ. ಯಾಕೆ ಬಿತ್ತು ಅಂತ ಹೇಳಬೇಕು."

ವಿಷಯ ಹೀಗಿತ್ತು. ಗಿರಣಿಗೆ ವಿಮೆ ಇತ್ತು. ಕಂಪನಿಯ ಕಡೆಯಿಂದ ನೋಡಲು ಬಂದವರು, ಗೋಡೆ ಹಳೆಯದು, ಮೊದಲೇ ಹೊಟ್ಟೆ ಉಬ್ಬಿತ್ತು, ಮಳೆ ಬರದಿದ್ದರೂ ಬೀಳುತ್ತಿತ್ತು ಎಂದು ಬರೆದಿದ್ದರು. ಹೆಂಚಿಗೆ, ಮಿಷಿನ್ನಿಗೆ ಅಷ್ಟಿಷ್ಟು, ಗೋಡೆಗೆ ಏನೂ ಇಲ್ಲ. ಯಜಮಾನಿ ಒಪ್ಪಲಿಲ್ಲ. ಹಿಂದಿನ ಹಳ್ಳ ಉಕ್ಕಿ ಗೋಡೆಯ ಬುಡ ತಿಂದಿತು ಎಂಬುದು ಅವರ ಮಾತು. ಗೋಡೆ ಏಳದೆ ಕರೆಂಟಿನವರು ಲೈನು ಕೊಡುವುದಿಲ್ಲ, ಕರೆಂಟಿಲ್ಲದೆ ಗಿರಣಿ ತಿರುಗುವುದಿಲ್ಲ. ತಿಂಗಳುಗಟ್ಟಲೆ ಮುಚ್ಚಿದ ಗಿರಣಿಯ ಗಿರಾಕಿಗಳು ಬೇರೆ ಗಿರಣಿಯ ದಾರಿ ಹಿಡಿದರೆ ಮತ್ತೆ ತಿರುಗಿ ಬರುವುದಿಲ್ಲ. ಗಂಡ ಹೋದ ಮೇಲೆ ಹದಿನೆಂಟು ವರ್ಷ ಆಯಮ್ಮ ಒಬ್ಬರೇ ನಡೆಸಿದ ಗಿರಣಿ ಅದು.

ಕಾಗದ ಓಡಾಡಿ ಸಾಕಾದ ಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಆ ಕಡೆ ಒಬ್ಬ, ಈ ಕಡೆ ಒಬ್ಬ, ಕೆಲಸ ಬಲ್ಲವರು ಬೇರೆ ಬೇರೆಯಾಗಿ ನೋಡಿ ನಷ್ಟದ ಪಟ್ಟಿ ಮಾಡುವುದು. ಎರಡೂ ಪಟ್ಟಿ ಕೂಡಿದ ಕಡೆ ಅದೇ ಆಖೈರು. ಕೂಡದ ಕಡೆ ಮಧ್ಯಸ್ಥರು ಹೇಳಿದ್ದನ್ನು ಇಬ್ಬರೂ ಕೇಳುವುದು. ಮಧ್ಯಸ್ಥರು ಚಿತ್ರದುರ್ಗದವರು, ಇಂಜಿನಿಯರಿಂಗ್ ಪಾಠ ಮಾಡಿ ನಿವೃತ್ತರಾದ ಮೇಡಂ. ಪಂಚಾಯ್ತಿಯ ಹಾಗೆಯೇ, ಆದರೆ ಎಲ್ಲ ಕಾಗದದ ಮೇಲೆ. ಯಜಮಾನಿಯ ಕಡೆಯವನಾಗಿ ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ಒಪ್ಪಿದ್ದಕ್ಕೆ ಒಂದು ಕಾರಣ, ಬೀಗರಿಗೆ ಫೋನಿನಲ್ಲಿ ಹೇಳಬಹುದಲ್ಲ ಎಂದು. ನನ್ನನ್ನೂ ಜನ ಕರೆಯುತ್ತಾರೆ, ನಾನೂ ಕೇವಲ ಸುಣ್ಣ ಕಲಸುವವನಲ್ಲ ಎಂದು.

ಹೇಳುವ ಅವಕಾಶ ಸಿಗಲಿಲ್ಲ. ಮೊದಲ ದಿನ ಗಿರಣಿಯ ಮುಂದೆ ಬಸ್ಸಿಳಿದು ಹೋದರೆ, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಬೀಗರು ಕೂತಿದ್ದರು.

"ಏನ್ ಬೀಗ್ರೇ, ಇಲ್ಲಿ?" ಅಂದೆ.

"ಅದನ್ನೇ ನಾನು ಕೇಳ್ಬೇಕು ಅಂತಿದ್ದೆ" ಅಂದರು. ಕಂಪನಿ ತನ್ನ ಕಡೆಗೆ ಕರೆದದ್ದು ಅವರನ್ನು.

ಮೇಡಂ ಬಂದವರೇ ಮೊದಲು ಕೇಳಿದ್ದು, ಇಲ್ಲಿ ಯಾರಿಗಾದರೂ ಯಾರ ಜೊತೆಗಾದರೂ ಸಂಬಂಧ ಉಂಟೇ ಎಂದು. ನಾವಿಬ್ಬರೂ ಕೈ ಎತ್ತಿದೆವು. ನನ್ನ ಮಗನಿಗೆ ಇವರ ಮಗಳನ್ನು ತಂದಿದ್ದೇವೆ, ಈಗ ಒಂದು ಮೊಮ್ಮಗಳೂ ಇದ್ದಾಳೆ ಎಂದೆ. ಹಾಗೆನ್ನುವಾಗ ಆ ಹೊತ್ತಿನಲ್ಲೂ ನನ್ನ ಬಾಯಿ ತಾನಾಗಿ ಅಗಲವಾಯಿತು. ಅವಳಿಗೆ ಹಣೆ ನನ್ನದು ಎಂದೂ ಹೇಳಿಬಿಡುತ್ತಿದ್ದೆ, ಮೇಡಂ ಬರೆದುಕೊಳ್ಳತೊಡಗಿದ್ದರಿಂದ ಸುಮ್ಮನಾದೆ.

ಕಂಪನಿಯ ಅಧಿಕಾರಿ ನಕ್ಕುಬಿಟ್ಟರು. "ಬೀಗರಂದ್ರೆ ಬಿಡ್ರಿ ಮೇಡಂ. ಒಬ್ಬರ ಮಾತು ಒಬ್ಬರು ಒಪ್ಪಿದ್ದು ಎಲ್ಲಿ ನೋಡೀರಿ? ಇದಕ್ಕಿಂತ ಸ್ವತಂತ್ರವಾಗಿರೋರು ಇನ್ನೆಲ್ಲಿ ಸಿಗ್ತಾರೆ."

ಯಜಮಾನಿಯೂ ಆಗಲಿ ಅಂದರು. ಅಭ್ಯಂತರವಿಲ್ಲ ಎಂದು ಎರಡು ಕಡೆಯವರೂ ಬರೆದು ರುಜು ಹಾಕಿದರು. ಮೇಡಂ ಎರಡು ಕಟ್ಟಳೆ ಹಾಕಿದರು. ಮನೆಯಲ್ಲಿ ಈ ಗೋಡೆಯ ಮಾತು ಎತ್ತಕೂಡದು. ಇನ್ನೊಂದು, ಮುಂದೆ ಈ ಗೋಡೆ ಕಟ್ಟುವ ಕೆಲಸ ನಾನು ವಹಿಸಿಕೊಳ್ಳಕೂಡದು. ಎರಡಕ್ಕೂ ಹೂಂ ಅಂದೆ.

ಅಳತೆ ಶುರುವಾಯಿತು. ಬೀಗರು ಜೇಬಿನಿಂದ ಬೀಡಿಕಟ್ಟಿನಷ್ಟು ಒಂದು ಮಿಷಿನ್ನು ತೆಗೆದರು. ಗುಂಡಿ ಒತ್ತಿದರೆ ಎದುರು ಗೋಡೆಯ ಮೇಲೆ ಒಂದು ಕೆಂಪು ಚುಕ್ಕಿ, ಇಲ್ಲಿ ಪರದೆಯ ಮೇಲೆ ಅಳತೆ. ಟೇಪು ಹಿಡಿಯಲು ಆ ತುದಿಗೆ ಜನ ಬೇಕಿಲ್ಲ. ಕೆಲಸದಲ್ಲಿದ್ದಾಗಿನ ಹಳೆಯ ಹುಡುಗರು ಉಡುಗೊರೆ ಕೊಟ್ಟರಂತೆ. ಆ ಚುಕ್ಕಿ ಗೋಡೆಯಿಂದ ಗೋಡೆಗೆ ಹಾರಿದಾಗ ಯಜಮಾನಿಯೂ ಬೆರಗಾಗಿ ನೋಡಿದರು. ನನ್ನ ಕಡೆಯವರಾಗಿಯೂ ನೋಡಿದರು.

"ನಿಮಗೂ ಬೇಕಾ ಬೀಗ್ರೇ? ತಗಳ್ರಿ, ಒತ್ತಿ ನೋಡ್ರಿ."

"ಬ್ಯಾಡ್ರಿ. ನಲವತ್ತು ವರ್ಷ ನನ್ನ ಕಣ್ಣೇ ಟೇಪು" ಅಂದೆ.

ನಮ್ಮ ಕೆಲಸದಲ್ಲಿ ಎರಡು ತೊಲೆಗಳ ನಡುವಿನ ಜಾಗಕ್ಕೆ ಅಂಕಣ ಎನ್ನುತ್ತೇವೆ. ಹಿಂದಿನ ಗೋಡೆ ಒಟ್ಟು ಐದು ಅಂಕಣ. ಬಿದ್ದದ್ದು ಮೂರು, ನಿಂತದ್ದು ಎರಡು, ಈ ತುದಿಗೊಂದು ಆ ತುದಿಗೊಂದು. ನಾನು ಕಲಿತ ಕಡೆ ಅಂಕಣವೆಂದರೆ ಒಂಬತ್ತು ಅಡಿ, ಅದನ್ನು ಯಾರೂ ಅಳೆಯುವುದಿಲ್ಲ. ಮೂರೊಂಬತ್ತಲ ಇಪ್ಪತ್ತೇಳು. ಬೆರಳೆಣಿಸಿ ಹೇಳಿಬಿಟ್ಟೆ. ಕೆಂಪು ಚುಕ್ಕಿ ಇನ್ನೂ ಗೋಡೆ ಹುಡುಕುತ್ತಿತ್ತು, ನನ್ನದು ಮುಗಿದಿತ್ತು.

ಕಷ್ಟ ಬಂದದ್ದು ಬಿದ್ದ ಕಲ್ಲಿನ ವಿಚಾರಕ್ಕೆ. ಕಲ್ಲು ಮಣ್ಣಿನ ಗೋಡೆ ಮುಪ್ಪಾಗಿ ಬಿದ್ದರೆ ಹೊಟ್ಟೆ ಉಬ್ಬಿ ಹೊರಕ್ಕೆ ಚೆಲ್ಲುತ್ತದೆ. ಬುಡ ಕುಸಿದು ಬಿದ್ದರೆ ಕುಳಿತ ಹಾಗೆ ಇಳಿಯುತ್ತದೆ, ಮೇಲಿನ ವರಸೆಯ ಕಲ್ಲುಗಳು ಬಿದ್ದ ಮೇಲೂ ಸಾಲಾಗಿಯೇ ಇರುತ್ತವೆ. ಅದನ್ನು ನೋಡಿದ್ದರೆ ಅರ್ಧ ಗಂಟೆಯ ಕೆಲಸ. ಹಿಂದಕ್ಕೆ ಹೋಗಿ ನೋಡಿದರೆ ನೆಲ ಗುಡಿಸಿದ ಹಾಗಿತ್ತು. ಕಲ್ಲೆಲ್ಲ ಅಂಗಳದ ಮೂಲೆಯಲ್ಲಿ ಒಪ್ಪವಾಗಿ ಒಟ್ಟಿದ್ದರು.

"ಯಾಕಮ್ಮ ತೆಗೆಸಿದ್ರಿ?"

"ಮಿಷಿನ್ ಮೇಲೆ ಬಿದ್ದಿದ್ವು ಅಣ್ಣ. ಹಂಗೇ ಬಿಡಾಕೆ ಮನಸು ಬರಲಿಲ್ಲ. ಮಿಷಿನ್ನು ತೊಳೆದು ಕುಂಕುಮ ಇಟ್ಟೆ."

ಬೀಗರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಬರೆದ ಶಬ್ದವೇ ನನ್ನನ್ನು ಚುಚ್ಚಿತು.

ಕಲ್ಲಿಲ್ಲದಿದ್ದರೆ ಬುಡವಿದೆ ಎಂದು ಮಾರನೆಯ ವಾರ ಪಾಯದ ಪಕ್ಕ ಗುಂಡಿ ತೋಡಿಸಲು ಮೇಡಂ ಬಳಿ ಅಪ್ಪಣೆ ಕೇಳಿದೆ. ಮೂರು ಅಡಿ ಆಳದ ಗುಂಡಿ, ಎಲ್ಲರ ಎದುರಿಗೆ. ಪಾಯದ ಕಲ್ಲಿನ ಅಡಿಗೆ ಕೈ ಹಾಕಿದರೆ ನನ್ನ ತೋಳು ಮೊಣಕೈವರೆಗೆ ಒಳಗೆ ಹೋಯಿತು. ಮಣ್ಣು ಇರಬೇಕಾದಲ್ಲಿ ಹಳ್ಳದ ಮರಳಿತ್ತು.

"ನೀರು ಕೊರೆದೈತೆ, ಸರಿ" ಅಂದರು ಬೀಗರು. "ಆದ್ರೆ ಈ ಮಳೇಲೇ ಕೊರೀತು ಅನ್ನೋದಕ್ಕೆ ಏನು? ಹತ್ತು ವರ್ಷದ ಹಿಂದಿಂದೂ ಇರಬಹುದು."

ನಾನು ಇನ್ನೂ ಒಳಗೆ ತಡಕಿದೆ. ಮರಳಿನ ಜೊತೆ ಒಂದು ಬಿಸ್ಕತ್ತಿನ ಹಾಳೆ ಬಂತು. ಬಿಸಾಡಲು ಹೋದೆ. ಬೀಗರು ತಡೆದು ಈಸಿಕೊಂಡರು, ಪಂಚೆಯ ತುದಿಯಲ್ಲಿ ಒರೆಸಿದರು, ಕನ್ನಡಕ ಏರಿಸಿ ಅಂಚಿನ ಸಣ್ಣ ಅಕ್ಷರ ಓದಿದರು. ಬಿಸ್ಕತ್ತು ತಯಾರಾದ ತಾರೀಕು ಆ ಮಳೆಗೆ ಎರಡೇ ತಿಂಗಳ ಹಿಂದಿನದು. ಅಂದರೆ ಹಾಳೆಯನ್ನು ಪಾಯದಡಿ ತಂದು ತುರುಕಿದ ನೀರು ಆ ಸಲದ್ದೇ.

ಅವರು ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ತಮ್ಮ ಕಡೆಗೆ ನಷ್ಟವಾಗುವ ಮಾತನ್ನು ತಾವೇ ಓದಿದರು. ಮೇಡಂ ಅವರ ಕಡೆ ನೋಡಿ ತಲೆದೂಗಿದರು. ಹಾಳೆ ಹುಡುಕಿದ್ದು ನಾನು, ತೋಳು ತರಚಿಕೊಂಡವನು ನಾನು, ಮರ್ಯಾದೆ ಸಿಕ್ಕಿದ್ದು ಓದಬಲ್ಲವರಿಗೆ. ಮೂರನೇ ಕ್ಲಾಸಿನ ನಂತರ ನಾನು ಓದದೆ ಬಿಟ್ಟ ಶಾಲೆಯೆಲ್ಲ ಆವತ್ತು ಗುಂಡಿಯ ಮೇಲೆ ನಿಂತು ನನ್ನನ್ನು ನೋಡಿದ ಹಾಗಾಯಿತು.

ಅದೇ ಭಾನುವಾರ ಕೂಸನ್ನು ನೋಡಲು ಹೊಳಲ್ಕೆರೆಗೆ ಹೋದೆ. ಬೀಗಿತ್ತಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದರು. ಎಣ್ಣೆ, ಸಾಂಬ್ರಾಣಿ ಹೊಗೆ, ಹಾಲು ಎಲ್ಲ ಸೇರಿದ ವಾಸನೆ. ನನಗೆ ಕಣ್ಣು ತುಂಬಿ ಬಂತು. ನನ್ನ ಕೈ ಸುಣ್ಣ ತಿಂದು ತಿಂದು ಒರಟಾದದ್ದು. ಅದು ತಾಕಿತೋ ಏನೋ, ಕೂಸು ಮುಖ ಸಿಂಡರಿಸಿ ಅತ್ತಿತು. ಒಳಗಿಂದ ಬಂದ ಬೀಗರು ಎತ್ತಿ ಹೆಗಲಿಗೆ ಹಾಕಿಕೊಂಡು ಎರಡು ಸಲ ತಟ್ಟಿದರು. ಸುಮ್ಮನಾಯಿತು.

"ದಿನಾ ನೋಡ್ತಾಳಲ್ಲ, ಗುರುತು ಹಿಡೀತಾಳೆ" ಅಂದರು. ಕೆಟ್ಟದ್ದು ಯೋಚಿಸಿ ಹೇಳಿದ ಮಾತಲ್ಲ. ಕೆಟ್ಟದ್ದು ಯೋಚಿಸಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಗೋಡೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಊಟದ ಎಲೆಯ ಮುಂದೆ ಇಬ್ಬರೂ ತಲೆ ಬಗ್ಗಿಸಿಕೊಂಡೇ ಉಂಡೆವು. ಸೊಸೆ ನನ್ನನ್ನೂ ಅವರನ್ನೂ ನೋಡಿ, "ಏನಾಗೈತೆ ನಿಮ್ಮಿಬ್ಬರಿಗೂ?" ಎಂದು ಕೇಳಿದಳು. "ಕೆಲಸದ್ದು" ಅಂದೆವು, ಇಬ್ಬರೂ ಒಟ್ಟಿಗೆ.

ಪಟ್ಟಿ ಅದಲುಬದಲು ಮಾಡಿಕೊಳ್ಳುವ ದಿನ ಬಂತು. ಮೇಡಂ ಬರುವುದಕ್ಕೆ ಮೊದಲು ನಾವಿಬ್ಬರೂ ಕೂತು ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು ಎಂದು ಗುರುತು ಹಾಕಬೇಕಿತ್ತು. ನನ್ನ ಪಟ್ಟಿ ನನ್ನದೇ ಸೊಟ್ಟ ಕೈಬರಹದಲ್ಲಿತ್ತು. ಬೇವಿನ ಮರದ ಕೆಳಗೆ ಬೀಗರು ಕೆಂಪು ಪೆನ್ನು ತೆಗೆದು ಒಂದೊಂದಕ್ಕೇ ಗೀಟು ಹಾಕುತ್ತ ಬಂದರು. ನೀರು ಬುಡ ಕೊರೆದದ್ದು, ಒಪ್ಪಿಗೆ. ಹೆಂಚು, ಒಪ್ಪಿಗೆ. ತೊಲೆಗಳು, ಒಪ್ಪಿಗೆಯಿಲ್ಲ, ಗೆದ್ದಲು ಹಿಡಿದಿದ್ದವು ಎಂಬುದು ಅವರ ಮಾತು. ಗೋಡೆಯ ಬೆಲೆ, ಒಪ್ಪಿಗೆಯಿಲ್ಲ. ಬುಡ ಕೊರೆದದ್ದು ನಿಜವಾದರೂ ಗೋಡೆ ಮೊದಲೇ ಸಡಿಲವಾಗಿತ್ತು, ಆದ್ದರಿಂದ ಅರ್ಧ ಎಂದು ಅವರು ಹಾಕಿದ್ದರು. ಪೂರ್ತಿ ಎಂದು ನಾನು ಹಾಕಿದ್ದೆ. ಗಿರಣಿ ಏಳುವುದು ಬಿಡುವುದು ಆ ಒಂದು ಸಾಲಿನಲ್ಲಿತ್ತು.

ಗೋಡೆಯ ಉದ್ದ ಬಂದಾಗ ಅವರ ಪೆನ್ನು ನಿಂತಿತು. ಅದನ್ನು ಜೇಬಿಗಿಟ್ಟು ಪೆನ್ಸಿಲ್ಲು ತೆಗೆದರು. ನನ್ನ ಇಪ್ಪತ್ತೇಳರ ಸುತ್ತ ತೆಳ್ಳಗೆ ಒಂದು ಸುತ್ತು ಹಾಕಿದರು.

"ಇನ್ನೊಂದ್ಸಲ ಅಳೀರಿ ಬೀಗ್ರೇ. ಮೇಡಂ ಬರಾಕೆ ಹೊತ್ತೈತೆ."

"ನಿಮ್ಮ ಮಿಷಿನ್ನು ತಪ್ಪಿರಬಹುದು."

"ಇರಬಹುದು" ಅಂದರು, ಎದ್ದು ಟೀ ಕುಡಿಯಲು ಹೋದರು.

ಅವರು ರಸ್ತೆ ದಾಟುವವರೆಗೆ ಕಾದು ಅಳತೆ ಹಗ್ಗ ತೆಗೆದುಕೊಂಡು ಹಿಂದಕ್ಕೆ ಹೋದೆ. ಇಪ್ಪತ್ತನಾಲ್ಕು. ತಿರುಗಿ ಹಿಡಿದೆ, ಇಪ್ಪತ್ತನಾಲ್ಕೇ. ಆ ಕಾಲದಲ್ಲಿ ಹಿರಿಯೂರಿನ ಯಾವನೋ ಮೇಸ್ತ್ರಿ ಸಿಕ್ಕ ಮರಕ್ಕೆ ತಕ್ಕಂತೆ ಎಂಟಡಿಗೊಂದು ಅಂಕಣ ಮಾಡಿದ್ದ. ನಾನು ನೋಡದೆ ಒಂಬತ್ತು ಅಂದಿದ್ದೆ. ಕೆಂಪು ಚುಕ್ಕಿಗಿಂತ ಮೊದಲು ಹೇಳಬೇಕೆಂಬ ಹಟಕ್ಕೆ ಅಂದಿದ್ದೆ.

ಹಗ್ಗ ಸುತ್ತುವಾಗ ದಾರಿಯೊಂದು ಹೊಳೆಯಿತು. ಹೊಸ ಗೋಡೆ ಕೂಡಿಸುವಾಗ ಹಳೆಯದರ ಮುರಿದ ಅಂಚು ಸಡಿಲವಿದ್ದರೆ ಒಂದಷ್ಟು ಬಿಚ್ಚಿ ಕಟ್ಟುವುದುಂಟು. ಎರಡೂ ಕಡೆ ಒಂದೂವರೆ ಅಡಿ ಬಿಚ್ಚಬೇಕು, ಅದಕ್ಕೇ ಮೂರಡಿ ಹೆಚ್ಚು ಬರೆದೆ ಎಂದರೆ ಮುಗಿಯಿತು. ಕೆಲಸ ಬಲ್ಲ ಯಾರೂ ಇಲ್ಲವೆನ್ನುವುದಿಲ್ಲ. ಯಜಮಾನಿಗೂ ಹೇಳಿದೆ.

"ಹಂಗೇ ಅನ್ನು ಅಣ್ಣ. ಅವರು ಹೆಂಗೂ ಕಮ್ಮಿ ಮಾಡೋರೇ" ಅಂದರು.

ಸರಿ ಎಂದು ಮುರಿದ ಅಂಚಿನ ಬಳಿಗೆ ಹೋಗಿ ಕೈಯಿಟ್ಟೆ. ಕೈಯಿಟ್ಟವನು ಹಾಗೇ ನಿಂತೆ. ಅಂಚಿನಲ್ಲಿ ಒಂದು ಉದ್ದ ಕಲ್ಲು, ಗೋಡೆಯ ಒಳಮುಖ ಹೊರಮುಖ ಎರಡನ್ನೂ ಹಿಡಿದು ಅಡ್ಡಲಾಗಿ ಮಲಗಿತ್ತು. ಎರಡಡಿ ಮೇಲೆ ಇನ್ನೊಂದು. ಅಡ್ಡಗಲ್ಲು ಹೀಗೆ ಬಿಗಿದ ಗೋಡೆ ಹೊಟ್ಟೆ ಉಬ್ಬುವುದಿಲ್ಲ. ಗೋಡೆ ಗಟ್ಟಿಯಿತ್ತು, ಪೂರ್ತಿ ಕೊಡಿ ಎಂದು ನಾನು ವಾದಿಸಬೇಕಾದ್ದು ಇದೇ ಕಲ್ಲಿನ ಬಲದ ಮೇಲೆ. ಅಂಚು ಸಡಿಲ, ಬಿಚ್ಚಬೇಕು ಎಂದು ನಾನೇ ಹೇಳಿದ ಮೇಲೆ ಗೋಡೆ ಗಟ್ಟಿ ಎಂದು ಯಾವ ಬಾಯಲ್ಲಿ ಹೇಳಲಿ? ಮೂರಡಿಯ ಸುಳ್ಳಿಗೆ ಇಡೀ ಗೋಡೆ ಹೋಗುತ್ತಿತ್ತು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಆಯಮ್ಮನ ಗಿರಣಿ ಮುಚ್ಚಿಸಿದ ಹಾಗಾಗುತ್ತಿತ್ತು.

ಆದರೂ ಸುಲಭವಾಗಲಿಲ್ಲ. ಮೇಡಂ ಒಬ್ಬರೇ ಇದ್ದಿದ್ದರೆ ಹೇಳಿಬಿಡುತ್ತಿದ್ದೆ. ಕಂಪನಿಯವರ ಮುಂದೆಯೂ ಹೇಳುತ್ತಿದ್ದೆ. ಬೀಗರ ಮುಂದೆ, ಆ ಪೆನ್ಸಿಲ್ಲಿನ ಮುಂದೆ ಹೇಳಬೇಕಿತ್ತಲ್ಲ.

ಮೇಡಂ ಬಂದು ಎರಡೂ ಪಟ್ಟಿ ನೋಡಿದರು. "ಉದ್ದದಲ್ಲಿ ಮೂರಡಿ ವ್ಯತ್ಯಾಸ ಯಾಕೆ ಮೇಸ್ತ್ರಿ?"

"ತಪ್ಪು ನಂದು ಮೇಡಂ. ಅಳೀಲಿಲ್ಲ. ಅಂಕಣ ಎಣಿಸಿ ಒಂಬತ್ತು ಅಂತ ಹಾಕ್ಕಂಡೆ. ಈಗ ಹಗ್ಗ ಹಿಡಿದೆ. ಇಪ್ಪತ್ನಾಲ್ಕೇ ಸರಿ, ಬೀಗರದ್ದೇ ಸರಿ."

ಯಜಮಾನಿ ಸೆರಗು ಬಾಯಿಗಿಟ್ಟುಕೊಂಡರು.

"ಅಂಚು ಬಿಚ್ಚೋದು ಇರಲ್ವಾ?" ಮೇಡಂ ತಾವಾಗಿಯೇ ಕೇಳಿದರು. ಬಾಗಿಲು ಅವರೇ ತೆರೆದ ಹಾಗಿತ್ತು.

"ಬೇಕಾಗಲ್ಲ ಮೇಡಂ. ಅಂಚು ಗಟ್ಟಿ ಐತೆ. ಹೊಟ್ಟೆ ಉಬ್ಬಿದ ಗೋಡೆಗೆ ಇಂಥ ಅಂಚು ಇರಲ್ಲ. ಬರ್ರಿ, ತೋರಿಸ್ತೀನಿ."

ಎಲ್ಲರೂ ಹಿಂದಕ್ಕೆ ಬಂದರು. ಅಡ್ಡಗಲ್ಲು ತೋರಿಸಿದೆ. ಮೇಡಂ ಒಂದು ಹಾರೆ ತರಿಸಿ ನನ್ನ ಕೈಗೆ ಕೊಡಲಿಲ್ಲ, ಬೀಗರ ಕೈಗೆ ಕೊಟ್ಟರು. "ನೀವು ಸಡಿಲ ಅಂದಿದ್ದೀರಿ. ನೀವೇ ಎಬ್ಬಿಸಿ ನೋಡಿ."

ಬೀಗರು ಶರ್ಟಿನ ತೋಳು ಮಡಚಿ ಸಂದಿಗೆ ಹಾರೆ ಕೊಟ್ಟು ಮೀಟಿದರು. ಮಣ್ಣು ಸ್ವಲ್ಪ ಉದುರಿತು, ಕಲ್ಲು ಅಲುಗಲಿಲ್ಲ. ಆ ಕಡೆಯ ಅಂಚಿಗೂ ಹೋಗಿ ಮೀಟಿದರು. ಹಣೆಯ ವಿಭೂತಿ ಬೆವರಿಗೆ ಇಳಿಯಿತು. ನಾನು ನೋಡುತ್ತ ನಿಂತಿದ್ದೆ. ಖುಷಿಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

"ಅಲುಗಲ್ಲ ಮೇಡಂ. ನಾನು ಬರೆದದ್ದು ತಪ್ಪು" ಅಂದರು. ಹಾರೆ ಒರಗಿಸಿ ನನ್ನ ಪಟ್ಟಿ ಕೇಳಿ ಪಡೆದು, ರಬ್ಬರಿನಿಂದ ಆ ಪೆನ್ಸಿಲ್ಲಿನ ಸುತ್ತನ್ನು ಒರೆಸಿದರು. ಇಪ್ಪತ್ತೇಳನ್ನು ಹೊಡೆದು ಇಪ್ಪತ್ತನಾಲ್ಕು ಮಾಡಿ ನಾನೇ ರುಜು ಹಾಕಿದೆ.

ಚಿತ್ರದುರ್ಗದಲ್ಲಿ ಮೇಡಂ ತೀರ್ಮಾನ ಓದಿದರು. ಗೋಡೆಗೆ ಪೂರ್ತಿ. ತೊಲೆಗಳಿಗೆ ಅರ್ಧ, ಗೆದ್ದಲಿನ ವಿಷಯದಲ್ಲಿ ಬೀಗರು ಹೇಳಿದ್ದೇ ಸರಿಯಿತ್ತು. ಕಂಪನಿಯ ಅಧಿಕಾರಿ ತಕರಾರಿಲ್ಲದೆ ರುಜು ಹಾಕಿದರು. ಯಜಮಾನಿ ಮೇಡಂಗೆ ಕೈ ಮುಗಿದು, ನನಗೆ ಮುಗಿದು, ಬೀಗರಿಗೂ ಮುಗಿದರು. ಅವರಿಗೇಕೆ ಎಂದು ಒಂದು ಗಳಿಗೆ ಅನಿಸಿತು.

ಗೋಡೆ ಕಟ್ಟಲು ಹಿರಿಯೂರಿನದೇ ಒಬ್ಬ ಮೇಸ್ತ್ರಿ ಬಂದ. ನಾನು ಒಂದು ಸಲ ಹೋಗಿ ರಸ್ತೆಯಾಚೆ ನಿಂತು ನೋಡಿದೆ. ಅಡ್ಡಗಲ್ಲು ಚೆನ್ನಾಗಿಯೇ ಕೂರಿಸುತ್ತಿದ್ದ. ಅದಕ್ಕೂ ಹೊಟ್ಟೆ ಉರಿಯಿತು. ಸುಮ್ಮನೆ ಬಸ್ಸು ಹತ್ತಿದೆ.

ಐದು ತಿಂಗಳು ತುಂಬಿದ ಮೇಲೆ ಕೂಸು ನಮ್ಮ ಮನೆಗೆ ಬಂತು. ಈಗ ನನ್ನ ಒರಟು ಕೈ ಅವಳಿಗೆ ಅಭ್ಯಾಸ. ಬೆಳಿಗ್ಗೆ ಎದ್ದರೆ ನನ್ನ ಮೂಗು ಹಿಡಿದೇ ಎಬ್ಬಿಸುತ್ತಾಳೆ. ಬೀದಿಯವರಿಗೆಲ್ಲ ಹೇಳಿ ಮುಗಿಸಿ, ಈಗ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳುತ್ತಿದ್ದೇನೆ. ಬೀಗರು ಬೆಳಿಗ್ಗೆ ಸಂಜೆ ಫೋನು ಮಾಡುತ್ತಾರೆ. "ಏನ್ ಮಾಡ್ತಾ ಅವಳೆ?" "ನನ್ನ ಹೆಗಲ ಮೇಲೆ ಅವಳೆ ಬೀಗ್ರೇ." "ಒಂದು ಫೋಟೋ ಕಳಿಸ್ರಿ" ಅನ್ನುತ್ತಾರೆ. ಆ ಫೋಟೋದ ರುಚಿ ನನಗೆ ಗೊತ್ತು, ಐದು ತಿಂಗಳು ಉಂಡಿದ್ದೇನೆ.

ಗಿರಣಿಗೆ ಕರೆಂಟು ಬಂದ ವಾರ ಯಜಮಾನಿ ಹೊಸದುರ್ಗಕ್ಕೆ ಬಂದರು. ಕಂಕುಳಲ್ಲಿ ಒಂದು ಡಬ್ಬಿ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಗಿರಣಿ ತಿರುಗಿದ ದಿನ ಮೊದಲ ಹಿಟ್ಟನ್ನು ಕೂಸಿಗೆ ತಿನ್ನಿಸುವ ರಾಗಿ ಸರಿಗೆಂದೇ ಬೀಸಿ, ಬಟ್ಟೆಯಲ್ಲಿ ಸೋಸಿ ತಂದಿದ್ದರು. "ಗಿರಾಕಿಗಳು ಬಂದ್ರಾ ಅಮ್ಮ?" ಅಂದೆ. "ಅರ್ಧ ಜನ ಬಂದವ್ರೆ ಅಣ್ಣ. ಮಿಕ್ಕೋರೂ ಬರ್ತಾರೆ, ನನ್ನಷ್ಟು ನುಣ್ಣಗೆ ಯಾರು ಬೀಸ್ತಾರೆ?"

ಕೂಸಿಗೆ ಮೊದಲ ಸರಿ ತಿನ್ನಿಸುವ ದಿನ ಬೀಗರೂ ಬೀಗಿತ್ತಿಯೂ ಬಂದರು. ಸೊಸೆ ಸರಿ ಕಾಯಿಸಿ ಆರಿಸಿ ಬೆಳ್ಳಿ ಬಟ್ಟಲಿಗೆ ಹಾಕಿದಳು. ಬೀಗರು ನನ್ನ ಪಕ್ಕವೇ ಚಾಪೆಯ ಮೇಲೆ ಕೂತಿದ್ದರು. ಎರಡೂ ಕೈ ತೊಡೆಯ ಮೇಲೆ, ಕಣ್ಣು ಚಮಚದ ಮೇಲೆ. ನನಗೆ ಪೆನ್ಸಿಲ್ಲು ನೆನಪಾಯಿತು. ಕೆಂಪು ಪೆನ್ನನ್ನು ಜೇಬಿಗಿಟ್ಟು ನನಗೆ ತಿದ್ದಿಕೊಳ್ಳಲು ಹೊತ್ತು ಕೊಟ್ಟದ್ದು ನೆನಪಾಯಿತು. ಮೊದಲ ಚಮಚ ಅವರಿಗೇ ಕೊಟ್ಟುಬಿಡಬೇಕು ಎಂದೂ ಅನಿಸಿತು.

ಆದರೂ ಮೊದಲ ಚಮಚ ನಾನೇ ತಿನ್ನಿಸಿದೆ. ಕೂಸು ಅರ್ಧ ನುಂಗಿ ಅರ್ಧ ಉಗುಳಿ ಇನ್ನೂ ಬೇಕೆಂದು ಬಾಯಿ ತೆರೆಯಿತು. ಎರಡನೆಯದಕ್ಕೆ ಚಮಚವನ್ನು ಬೀಗರ ಕೈಗೆ ಕೊಟ್ಟೆ.